ಹಾಲು ಕಡಿಮೆಯಾದರೆ ತಪ್ಪು ಯಾರದು?

ದೊಡ್ಡಬಳ್ಳಾಪುರದ ಕಡೆ ಹಸುವಿಗೆ ಕೆಚ್ಚಲು ಬಾವು ಬಂದರೆ ಆ ಹಾಲನ್ನು ಡೇರಿಗೆ ಹಾಕುವುದಿಲ್ಲ. ಇದೇ ಲೆಕ್ಕವನ್ನು ಬಾಣಂತಿಗೂ ಹಚ್ಚುವವರಿದ್ದಾರೆ. ಎದೆ ಕೆಂಪಾಗಿ ಊದಿ ಜ್ವರ ಬಂದರೆ, "ಹಾಲು ಕೆಟ್ಟಿದೆ, ಮಗುವಿಗೆ ಕೊಡಬೇಡ" ಎನ್ನುತ್ತಾರೆ. ಕುಡಿಸದೆ ಬಿಟ್ಟ ಎದೆಯಲ್ಲಿ ಹಾಲು ಕಡಿಮೆಯಾಗುತ್ತದೆ. ಆಮೇಲೆ ಅದೇ ಬಾಯಿಗಳು "ಇವಳಿಗೆ ಹಾಲೇ ಇಲ್ಲ" ಎನ್ನುತ್ತವೆ!

ಓದುಗರೇ, ಬಾವು ಬಂದ ಎದೆಯ ಹಾಲಿನಿಂದ ಮಗುವಿಗೆ ಸಾಮಾನ್ಯವಾಗಿ ಹಾನಿಯಿಲ್ಲ, ಕುಡಿಸುವುದನ್ನು ನಿಲ್ಲಿಸಬಾರದು. ಒತ್ತಿ ತಿಕ್ಕಬಾರದು. ತಣ್ಣೀರ ಬಟ್ಟೆ ಇಡಬಹುದು. ಒಂದು ದಿನದಲ್ಲಿ ಜ್ವರ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಹಾಲುಣಿಸುವವರಿಗೆ ಹೊಂದುವ ಔಷಧಿಗಳಿವೆ. ಪದೇ ಪದೇ ಕುಡಿಸಿದರೆ ಹೆಚ್ಚಿನವರಿಗೆ ಹಾಲು ಮರಳುತ್ತದೆ.

ಕೆಲವರಿಗೆ ಮರಳುವುದಿಲ್ಲ. ಆಗ ಅವಳು ಅಲ್ಲಾಹನ ಮುಂದೆ ತಪ್ಪಿತಸ್ಥಳೇ? ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೆಯ ವಚನವನ್ನು ನಾವು "ಎರಡು ವರ್ಷ" ಎಂಬಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದೆ ಓದಿ. ತಾಯಿಯ ಅನ್ನ, ಬಟ್ಟೆಯ ಹೊಣೆ ತಂದೆಯದು. ಶಕ್ತಿ ಮೀರಿದ ಭಾರ ಯಾರಿಗೂ ಇಲ್ಲ. ಮಗುವಿನ ಹೆಸರಿನಲ್ಲಿ ತಾಯಿಯನ್ನು ಪೀಡಿಸುವಂತಿಲ್ಲ. ಬೇರೊಬ್ಬರಿಂದ ಹಾಲುಣಿಸಿದರೂ ದೋಷವಿಲ್ಲ. ಪ್ರವಾದಿಯವರೇ(ಸ) ಹಲೀಮಾರ ಹಾಲು ಕುಡಿದು ಬೆಳೆದವರು.

ಹಾಗಾದರೆ ವಿಚಾರಣೆ ಬಾಣಂತಿಯದಲ್ಲ, ನಮ್ಮದು. ಮಗ್ಗದ ಸದ್ದಿನ ಮನೆಯಲ್ಲಿ ಅವಳ ನಿದ್ದೆಗೊಂದು ಮೂಲೆ ಮಾಡಿಕೊಟ್ಟಿರಾ? ಆಶಾ ಕಾರ್ಯಕರ್ತೆ ಬಂದು ಕೇಳಿದಾಗ ಉತ್ತರ ಕೊಟ್ಟವಳು ಸೊಸೆಯೋ, ಅತ್ತೆಯೋ? ವೈದ್ಯರು ಡಬ್ಬಿ ಹಾಲು ಬರೆದುಕೊಟ್ಟರೆ ತಂದೆಯೇ ಹೋಗಿ ತರಲಿ. ರಾತ್ರಿಯ ಒಂದು ಸರದಿ ಅವನೇ ಕುಡಿಸಲಿ.