ಪಾಠ ಬಿಟ್ಟು ಅಂಗಡಿಗೆ ಹೋದವರು

ನಿಮ್ಮೂರಿನ ಮದ್ರಸದಲ್ಲಿಯೋ ಶಾಲೆಯಲ್ಲಿಯೋ ಮಕ್ಕಳಿಗೆ ಕಲಿಸುತ್ತಿದ್ದವರೊಬ್ಬರು ಆ ಕೆಲಸ ಬಿಟ್ಟು ಪೇಟೆಯ ಬಟ್ಟೆ ಅಂಗಡಿಗೆ ಸೇರಿಕೊಂಡಿರಬಹುದು. ಅಂತಹ ಸುದ್ದಿ ಬಂದಾಗ ಮಸೀದಿಯ ಜಗಲಿಯಲ್ಲಿ ಯಾವ ಮಾತು ಕೇಳಿಬರುತ್ತದೆ? ‘ದೀನಿನ ಸೇವೆ ಬಿಟ್ಟು ದುನಿಯಾದ ಹಿಂದೆ ಹೋದರು’ ಎಂದು ತೀರ್ಪು ನೀಡಲು ನಮಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅವರ ಮನೆ ಬಾಡಿಗೆ ಎಷ್ಟು, ತಿಂಗಳ ಕೊನೆಗೆ ಅಕ್ಕಿ ಡಬ್ಬದಲ್ಲಿ ಏನು ಉಳಿಯುತ್ತಿತ್ತು ಎಂದು ವಿಚಾರಿಸಿದವರು ಮಾತ್ರ ವಿರಳ.

ಇಸ್ಲಾಮ್ ವ್ಯಾಪಾರವನ್ನು ಕೀಳು ಕಸುಬೆಂದು ಎಣಿಸಿಲ್ಲ. ಜುಮುಅ ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸುವಂತೆ ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಪ್ರಾಮಾಣಿಕ ವರ್ತಕನಿಗೆ ಪ್ರವಾದಿಗಳ ಮತ್ತು ಹುತಾತ್ಮರ ಸಂಗವಿದೆಯೆಂಬ ಶುಭವಾರ್ತೆಯನ್ನು ಇಮಾಮ್ ತಿರ್ಮಿದಿ(ರ) ವರದಿ ಮಾಡಿದ್ದಾರೆ. ತನ್ನ ಆಶ್ರಿತರನ್ನು ಕಡೆಗಣಿಸುವುದು ದೊಡ್ಡ ಪಾಪವೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆದುದರಿಂದ ಹೆಂಡತಿ ಮಕ್ಕಳ ಹೊಟ್ಟೆಗಾಗಿ ಹಲಾಲ್ ಆದ ಇನ್ನೊಂದು ದಾರಿ ಹಿಡಿದವರನ್ನು ದೂಷಿಸಲು ನಮಗೆ ಹಕ್ಕಿಲ್ಲ.

ಹಿಜರಿ 11ರಲ್ಲಿ (ಕ್ರಿ.ಶ. 632) ಖಲೀಫರಾದ ಬಳಿಕವೂ ಹಝ್ರತ್ ಅಬೂಬಕರ್(ರ) ಬಟ್ಟೆಯ ಗಂಟು ಹೊತ್ತು ಮಾರುಕಟ್ಟೆಗೆ ಹೊರಟಿದ್ದರು. ದಾರಿಯಲ್ಲಿ ಎದುರಾದ ಹಝ್ರತ್ ಉಮರ್(ರ), ಮುಸ್ಲಿಮರ ಹೊಣೆ ಹೊತ್ತ ಮೇಲೂ ವ್ಯಾಪಾರವೇ ಎಂದು ಕೇಳಿದರು. ಹಾಗಾದರೆ ಮನೆಯವರಿಗೆ ಉಣಿಸುವುದು ಎಲ್ಲಿಂದ ಎಂಬುದು ಅವರ ಮರುಪ್ರಶ್ನೆಯಾಗಿತ್ತು. ಅದಕ್ಕೆ ಉಪದೇಶದ ಉತ್ತರ ಸಿಗಲಿಲ್ಲ. ಸಾರ್ವಜನಿಕ ನಿಧಿಯಿಂದ ಅವರಿಗೆ ವೇತನ ನಿಗದಿಯಾಯಿತು. ಉಸ್ತಾದರಿಗೆ ತ್ಯಾಗದ ಮಹತ್ವವನ್ನು ಬೋಧಿಸುವ ನಮ್ಮ ಆಡಳಿತ ಸಮಿತಿಗಳು ಈ ಘಟನೆಯನ್ನು ಒಮ್ಮೆ ಓದಬೇಕು. ಮಿನಾರಕ್ಕೂ ಮಾರ್ಬಲ್‌ಗೂ ಚಂದಾ ಎತ್ತಲು ಮನೆಮನೆ ಅಲೆಯುವ ನಾವು, ಅಲಿಫ್ ಬಾ ಕಲಿಸುವವರ ಸಂಬಳದ ಮಾತು ಬಂದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ! ಅವರು ಹೊರಟುಹೋದ ಮೇಲೆ ಖಾಲಿ ಉಳಿಯುವುದು ನಮ್ಮ ಮಕ್ಕಳ ತರಗತಿ.

ಕೆಲಸ ಬದಲಿಸಲು ಹೊರಟಿರುವ ಸಹೋದರರೇ, ನಿಮ್ಮೊಡನೆಯೂ ಒಂದೆರಡು ಮಾತು. ಒಪ್ಪಿಕೊಂಡ ಕರಾರನ್ನು ಪೂರೈಸಿರಿ; ಪರೀಕ್ಷೆ ಹತ್ತಿರವಿರುವಾಗ ಮಕ್ಕಳನ್ನು ನಡುದಾರಿಯಲ್ಲಿ ಬಿಡಬೇಡಿರಿ. ಹಬ್ಬದ ಗಿರಾಕಿಗಳ ನೂಕುನುಗ್ಗಲಿನಲ್ಲಿ ಅಸರ್, ಮಗ್ರಿಬ್ ತಪ್ಪಿಹೋಗುವ ಸಂಭವವಿದೆ. ಸೇರುವಾಗಲೇ ಮಾಲಕರೊಡನೆ ಮಾತಾಡಿಕೊಳ್ಳಿರಿ. ಸುಳ್ಳು ಹೇಳಬಾರದೆಂದು ಕಲಿಸಿದ ಅದೇ ನಾಲಿಗೆಯಿಂದ, ಬಣ್ಣ ಬಿಡುವ ಬಟ್ಟೆಯನ್ನು ಬಿಡುವುದಿಲ್ಲವೆಂದು ಹೇಳಿಸುವ ಪ್ರಯತ್ನವೂ ನಡೆಯಬಹುದು. ಸಂಬಳಕ್ಕಿಂತ ಹೆಚ್ಚಾಗಿ ನೀವು ಯೋಚಿಸಬೇಕಾದುದು ಇದನ್ನು. ಕೂಫಾದ ಇಮಾಮ್ ಅಬೂ ಹನೀಫ(ರ) ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯನ್ನು ದೋಷ ತಿಳಿಸಿಯೇ ಮಾರಬೇಕೆಂದು ಪಾಲುದಾರರಿಗೆ ಹೇಳಿದ್ದರು. ಅವರು ಮರೆತು ಮಾರಿಬಿಟ್ಟರು. ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಮಾರಾಟದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿದೆ.

ಇದೇ ಇಮಾಮರು ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ಬಡತನದಿಂದಾಗಿ ಕಲಿಕೆ ನಿಲ್ಲಿಸಬೇಕಾಗಿ ಬಂದಿದ್ದ ಶಿಷ್ಯ ಅಬೂ ಯೂಸುಫ್‌ರಿಗೆ(ರ) ತನ್ನ ಸಂಪಾದನೆಯಿಂದಲೇ ನೆರವಾದರು. ಆ ಶಿಷ್ಯ ಮುಂದೆ ಖಲೀಫ ಹಾರೂನ್ ರಶೀದರ ಕಾಲದಲ್ಲಿ ಪ್ರಧಾನ ನ್ಯಾಯಾಧೀಶರಾದರು. ನಿಮಗೂ ವಾರಕ್ಕೊಂದು ದಿನ ರಜೆಯಿದ್ದೀತು. ಅಂದು ಮಗ್ರಿಬ್‌ನ ಬಳಿಕ ನೆರೆಮನೆಯ ನಾಲ್ಕು ಮಕ್ಕಳನ್ನು ಚಾಪೆಯ ಮೇಲೆ ಕುಳ್ಳಿರಿಸಿ ಪಾಠ ಹೇಳಲು ಯಾವ ಸಮಿತಿಯ ಅನುಮತಿಯೂ ಬೇಕಾಗದು.