ಕಳೆಯ ದೋಷವೋ, ಕಾವಲಿನ ದೋಷವೋ?

ಕೇಡು ಹೊರಗಿನಿಂದ ಬಂದಾಗ ಅದಕ್ಕೆ ಎಡೆಗೊಟ್ಟವನ ಹೊಣೆಯೆಷ್ಟು ಎಂಬುದು ಧರ್ಮವಿಚಾರದಲ್ಲಿ ಹಳೆಯ ಪ್ರಶ್ನೆ. ಬಯಲುಸೀಮೆಯ ಹುಲ್ಲುಗಾವಲು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಒಣನೆಲದಲ್ಲಿ ವರ್ಷವರ್ಷವೂ ಚಿಗುರುವ ಹುಲ್ಲಿನ ಬಲವಿರುವುದು ಬೇರಿನಲ್ಲಿ. ಬೇರಿಗೆ ಆಹಾರವನ್ನೊದಗಿಸುವುದು ಎಲೆ. ದನ ಒಮ್ಮೆ ಮೇದರೆ ಹುಲ್ಲು ಮತ್ತೆ ಚಿಗುರೀತು. ಚಿಗುರಿದಂತೆಲ್ಲ ಮೇಯಿಸಿದರೆ ಬೇರು ಸೊರಗಿ, ಬುಡ ಸತ್ತು, ನೆಲ ಬರಿದಾಗುವುದು. ಗೊರಸಿನ ತುಳಿತದಿಂದ ಕದಡಿದ ಆ ಮಣ್ಣಿಗೆ ಮಳೆ ಬಿದ್ದೊಡನೆ ಕಳೆಯ ಬೀಜ ತಡೆಯಿಲ್ಲದೆ ಮೊಳೆಯುವುದು.

ಅಮೆರಿಕ ಖಂಡದ ಮೂಲದ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟಿತು. ಜನರು ಇದನ್ನು ಕಾಂಗ್ರೆಸ್ ಹುಲ್ಲೆನ್ನುವರು. ಕಹಿಯಾದ ಇದನ್ನು ದನ ಸಾಮಾನ್ಯವಾಗಿ ಮುಟ್ಟದು. ಸುತ್ತಣ ಹುಲ್ಲನ್ನು ಮೇದು ಇದಕ್ಕೆ ಎಡೆಮಾಡುವುದು. ಬಳ್ಳಾರಿ ಜಾಲಿಯ ರೀತಿಯೇ ಬೇರೆ. ಅದರ ಸಿಹಿಯಾದ ಕಾಯಿಗಳನ್ನು ದನಕುರಿಗಳು ತಿನ್ನುವುವು. ಬೀಜ ಸಗಣಿ ಹಿಕ್ಕೆಗಳೊಡನೆ ದೂರದ ನೆಲವನ್ನು ಸೇರುವುದು. ಒಂದು ಕಳೆ ದನ ತಿನ್ನದುದರಿಂದ ಹಬ್ಬಿತು, ಮತ್ತೊಂದು ತಿಂದುದರಿಂದ. ಎರಡಕ್ಕೂ ಅನುಕೂಲವಾದುದು ಬರಿದಾದ ನೆಲವೇ.

ಹಾಗಾದರೆ ಮೇಯಿಸುವುದೇ ಪಾಪವೇ? ಅಲ್ಲ. ಎಂದೂ ಮೇಯಿಸದ ಹುಲ್ಲು ಒಣಗಿ ಒತ್ತಾಗಿ ನಿಂತು ಹೊಸ ಚಿಗುರಿಗೆ ಬೆಳಕನ್ನು ತಡೆಯುವುದುಂಟು. ಬೇಕಾದುದು ಮಿತಿ. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡಿಸಿದ್ದರು. ಒಂದರಲ್ಲಿ ದನ ಮೇಯುವಾಗ ಮತ್ತೊಂದರ ಹುಲ್ಲಿಗೆ ಬಿಡುವು ದೊರೆಯುತ್ತಿತ್ತು.

ಊರ ಗೋಮಾಳದಲ್ಲಿ ಈ ಮಿತಿಯನ್ನು ಪಾಲಿಸುವವರು ಯಾರು? ‘ನನ್ನದೊಂದು ಹಸುವಿನಿಂದ ಏನು ಕೆಟ್ಟೀತು?’ ಎಂದು ಪ್ರತಿಯೊಬ್ಬನೂ ಕೇಳುವನು. ಒಬ್ಬನ ಬಾಯಲ್ಲಿ ಅದು ಸುಳ್ಳಲ್ಲ. ಊರೆಲ್ಲ ಅದನ್ನೇ ನುಡಿದಾಗ ಗೋಮಾಳ ಉಳಿಯದು. ಭೂಮಿಯಿಲ್ಲದವನ ಹಸುವಿಗೆ ಗೋಮಾಳವೇ ಗತಿ. ಆದುದರಿಂದ ಹಿತ್ತಲಲ್ಲಿ ಬಣವೆಯುಳ್ಳವನು ಮೊದಲು ತನ್ನ ದನಗಳನ್ನು ಹಿಂದೆಗೆಯುವುದು ನ್ಯಾಯ.

ಹಿಂದೆಗೆದ ಮಾತ್ರಕ್ಕೆ ಋಣ ತೀರದು. ಬೇಲಿ ಹಾಕಿದರೂ ಬೇರೂರಿದ ಕಳೆ ತಾನಾಗಿ ತೊಲಗದು; ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲುದು. ಪಾರ್ಥೇನಿಯಂ ತಾಗಿದರೆ ಮೈ ತುರಿಸುವುದರಿಂದ ಕೈಗೆ ಮರೆ ಕಟ್ಟಿಕೊಂಡು, ಹೂ ಬಿಡುವ ಮೊದಲೇ ಅದನ್ನು ಕೀಳಬೇಕು. ತೆರವಾದೆಡೆಯಲ್ಲಿ ಹುಲ್ಲು ಮತ್ತೆ ನೆಲೆಗೊಳ್ಳುವವರೆಗೆ ಕಾಯಬೇಕು. ತಪ್ಪನ್ನು ನಿಲ್ಲಿಸುವುದು ಒಂದು ಕೆಲಸ, ಅದರ ಫಲವನ್ನು ಕಳೆಯುವುದು ಮತ್ತೊಂದು.

ಬೀಜಕ್ಕೆ ವಿವೇಕವಿಲ್ಲ, ಹಸುವಿಗೂ ಇಲ್ಲ. ವಿವೇಕವಿರುವುದು ಹಗ್ಗ ಹಿಡಿದವನಲ್ಲಿ, ಹೊಣೆಯೂ ಅವನದೇ.