ಏಳನೆಯವನ ಹೆಸರು

ಯಾವ ಕಾಲೇಜಿನ ಕ್ರೀಡಾ ಕೋಣೆಗೆ ಹೋದರೂ ತಪ್ಪದೆ ಸಿಗುವ ಪುಸ್ತಕ ಡೆಡ್ ಸ್ಟಾಕ್ ರಜಿಸ್ಟರ್. ಎಷ್ಟು ವಾಲಿಬಾಲ್ ಬಂದವು, ಎಷ್ಟು ಹರಿದವು, ಜಾವೆಲಿನ್ ಯಾವ ವರ್ಷ ಮುರಿಯಿತು, ಎಲ್ಲಕ್ಕೂ ಲೆಕ್ಕ ಇದೆ, ಸಹಿ ಇದೆ. ಮೂವತ್ತು ವರ್ಷದ ಹಿಂದಿನ ಖೋ ಖೋ ತಂಡದಲ್ಲಿ ಯಾರ‍್ಯಾರಿದ್ದರು ಎಂದು ಅದೇ ಕೋಣೆಯಲ್ಲಿ ಕೇಳಿ ನೋಡಿ. ಚೆಂಡು ಕಳೆದರೆ ಆಡಿಟಿನವರು ಕೇಳುತ್ತಾರೆ, ಆಡಿದವರು ಕಳೆದರೆ ಕೇಳುವವರಿಲ್ಲ.

ವಿಶ್ವವಿದ್ಯಾಲಯದ ಕ್ರೀಡಾ ಇತಿಹಾಸವನ್ನು ಉಳಿಸಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಅದು ಯಾರ ಇತಿಹಾಸ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ಅಜ್ಜ 1940ರ ಸುಮಾರಿಗೆ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಆಡಿದ್ದರೆ ಅವನು ಮುಂಬಯಿ ವಿಶ್ವವಿದ್ಯಾಲಯದ ಆಟಗಾರ. ಮಗ ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜಿಗೆ ಆಡಿದ್ದರೆ, 1949ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವನು. ಮೊಮ್ಮಗಳು ಅದೇ ಕಾಲೇಜಿನ ಅದೇ ಮೈದಾನದಲ್ಲಿ ಓಡಿದರೂ ಅವಳ ಜರ್ಸಿಯ ಮೇಲೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹೆಸರು, ಏಕೆಂದರೆ 2010ರಲ್ಲಿ ಬೆಳಗಾವಿಗೆ ಬೇರೆ ವಿಶ್ವವಿದ್ಯಾಲಯ ಬಂತು. ಮನೆ ಒಂದೇ ಇದ್ದು ಚರಿತ್ರೆ ಮೂರು ಪಾಲಾಯಿತು. ನಿಪ್ಪಾಣಿಯಲ್ಲಂತೂ ಹಂಚಿಕೆಗೆ ಕಾಲವೂ ಬೇಕಾಗಿಲ್ಲ. ಊರಿನ ಜಿ.ಐ. ಬಾಗೇವಾಡಿ ಕಾಲೇಜಿನ ಹುಡುಗರು ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆಡುತ್ತಾರೆ. ಊರಿಗೆ ಅಂಟಿಕೊಂಡ ಅರ್ಜುನನಗರ ಮಹಾರಾಷ್ಟ್ರದ ಕಾಗಲ ತಾಲೂಕಿಗೆ ಸೇರಿದ್ದರಿಂದ ಅಲ್ಲಿಯ ದೇವಚಂದ ಕಾಲೇಜಿನವರು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಆಡುತ್ತಾರೆ. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಸಾಮಾನ್ಯವಾಗಿ ಒಬ್ಬರು ದಕ್ಷಿಣ ವಲಯ, ಇನ್ನೊಬ್ಬರು ಪಶ್ಚಿಮ ವಲಯ. ಓಣಿಯಲ್ಲಿ ಕೂಡಿ ಆಡಿ ಬೆಳೆದವರು ದಾಖಲೆಯಲ್ಲಿ ಒಬ್ಬರನ್ನೊಬ್ಬರು ಕಂಡೇ ಇಲ್ಲ.

ವಿಶ್ವವಿದ್ಯಾಲಯಗಳಿಗೆ ದಾಖಲೆಯ ಚಿಂತೆ ಬೇರೆ ಬಗೆಯದು. ಕ್ರೀಡೆಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ವಿಶ್ವವಿದ್ಯಾಲಯಕ್ಕೆ ಮೌಲಾನಾ ಆಜಾದ್ ಟ್ರೋಫಿ 1956-57ರಿಂದ ಸಲ್ಲುತ್ತಿದೆ, ಅಂಕ ತರುವವರ ಹೆಸರಷ್ಟೇ ಅಲ್ಲಿ ಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಐದು ವರ್ಷದ ಪದಕಗಳ ಪಟ್ಟಿ ಕೇಳುತ್ತದೆ. ಆರನೆಯ ವರ್ಷಕ್ಕೆ ಹಳೆಯ ಪಟ್ಟಿ ರದ್ದಿ. ನೌಕರಿಯ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್ ಪರಿಶೀಲನೆಗೆ ಬಂದಾಗ ಕಡತ ಹುಡುಕುತ್ತಾರೆ, ಅದೂ ಬ್ಲೂ ಆದವರದ್ದು, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರದ್ದು. ಕಾಗದ ಉಳಿಯುವುದು ಅದರಿಂದ ಯಾರಿಗಾದರೂ ಕೆಲಸ ಆಗುವವರೆಗೆ. ಇದನ್ನು ದೂರುವುದಕ್ಕಿಂತ ತಿಳಿದುಕೊಳ್ಳುವುದು ಲೇಸು. ನಮ್ಮಲ್ಲಿ ಕ್ರೀಡಾ ದಾಖಲೆ ಎಂಬುದು ಗೆಲುವಿನ ಸಾಕ್ಷಿಪತ್ರವಾಗಿ ಹುಟ್ಟಿದ್ದು, ನೆನಪಾಗಿ ಅಲ್ಲ.

ಈ ಪದ್ಧತಿಯೊಳಗೆ ಒಂದು ತರ್ಕದೋಷ ಇದೆ. ಒಬ್ಬನೇ ಓಡಿದರೆ ಮೊದಲ ಸ್ಥಾನ ಎಂಬುದೇ ಇಲ್ಲ. ಏಳನೆಯವನು ತನ್ನ ಪೂರ್ತಿ ಉಸಿರು ಹಾಕಿ ಓಡಿದ್ದರಿಂದ ಮೊದಲನೆಯವನ ಓಟಕ್ಕೆ ಬೆಲೆ ಬಂದಿತು. ಆದರೂ ಕಾಲೇಜಿನ ಗೋಡೆಯ ಮೇಲಿನ ವಿಜೇತರ ಬೋರ್ಡು ಮೂರನೆಯವನಿಗೆ ಮುಗಿಯುತ್ತದೆ.

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿದರು. ಗೆದ್ದವನು ಫಿನ್ಲೆಂಡಿನ ಕೊಲೆಹ್ಮೈನೆನ್. ಚೌಗುಲೆ ಬಂದದ್ದು ಹತ್ತೊಂಬತ್ತನೆಯವರಾಗಿ, 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ. ಅವರ ಹೆಸರು ನೂರು ವರ್ಷ ದಾಟಿ ನಮಗೆ ತಲುಪಿದ್ದಕ್ಕೆ ಕಾರಣ ಇಷ್ಟೇ: ಆ ದಿನ ಲೆಕ್ಕ ಬರೆದವರು ಮೂರನೆಯ ಹೆಸರಿಗೆ ಪೆನ್ನು ಮುಚ್ಚಲಿಲ್ಲ. ನಮ್ಮ ಕಾಲೇಜು ಬೋರ್ಡಿನ ಪದ್ಧತಿ ಅಲ್ಲಿಯೂ ಇದ್ದಿದ್ದರೆ, ಭಾರತ ಒಲಿಂಪಿಕ್ಸ್‌ಗೆ ಮೊದಲ ಸಲ ತಂಡ ಕಟ್ಟಿ ಕಳಿಸಿದ ವರ್ಷದಲ್ಲಿ ಬೆಳಗಾವಿ ಸೀಮೆಯ ಒಬ್ಬ ಓಟಗಾರ ಅಲ್ಲಿದ್ದ ಎಂಬುದೇ ಅಳಿಸಿಹೋಗುತ್ತಿತ್ತು.

ಆದರೆ ಹತ್ತೊಂಬತ್ತನೆಯವನನ್ನೂ ಬರೆದಿಡುವ ಕಾಗದಕ್ಕೂ ಒಂದು ಕುರುಡು ಇದೆ. ಅದಕ್ಕೆ ಫಲಿತಾಂಶ ಗೊತ್ತು, ಆಟ ಗೊತ್ತಿಲ್ಲ. ಈ ವಿಷಯದಲ್ಲಿ ಗರಡಿಮನೆ ವಿಶ್ವವಿದ್ಯಾಲಯಕ್ಕಿಂತ ಮೇಲು. ಕೃಷ್ಣಾ, ದೂಧಗಂಗೆಯ ದಂಡೆಯ ಹಳ್ಳಿಗಳಲ್ಲಿ ಹಳೆಯ ಪೈಲ್ವಾನರನ್ನು ಮಾತಿಗೆಳೆದರೆ ಇಸವಿ ತಪ್ಪುತ್ತಾರೆ, ಆದರೆ ಯಾವ ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಯಾರು ಯಾವ ಡಾವು ಹಾಕಿ ಚಿತ್ ಮಾಡಿದರು ಎಂಬುದನ್ನು ತಮ್ಮ ಭುಜ ತಿರುಗಿಸಿ ತೋರಿಸುತ್ತಾರೆ. ನಿಪ್ಪಾಣಿಗೆ ಸಮೀಪದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಕಥೆಯನ್ನೇ ನೋಡಿ. ಅಲ್ಲಿ ಓದಿದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರನ್ನು ಕಳಿಸಲು ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನು 7,000 ರೂಪಾಯಿಗೆ ಅಡವಿಟ್ಟರು. ಪದಕಪಟ್ಟಿಯಲ್ಲಿ ಆ ಅಡವಿಗೆ ಕಾಲಂ ಇಲ್ಲ. ಜನ ಹೇಳುತ್ತ ಬಂದದ್ದರಿಂದ ಅದು ಚರಿತ್ರೆಯಾಯಿತು. ಕಾಲೇಜಿನ ಕ್ರೀಡಾ ಇತಿಹಾಸ ಎಂದರೆ ನನಗೆ ಆ ಕಂಚಿಗಿಂತ ಆ ಅಡವೇ ದೊಡ್ಡದು.

ಆಟ ಮುಗಿದೊಡನೆ ಮುಗಿಯಲಿ ಬಿಡಿ, ಅದರ ಚೆಲುವೇ ಅದು ಎನ್ನುವವರಿದ್ದಾರೆ. ಮರೆಯುವ ಹಕ್ಕು ಆಡಿದವರಿಗೆ ಖಂಡಿತ ಇದೆ. ಆದರೆ ನಮ್ಮಲ್ಲಿ ನಡೆಯುವ ಮರೆವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಹೆಣ್ಣುಮಕ್ಕಳ ಮೇಲೆ ಹೆಚ್ಚು ಬೀಳುತ್ತದೆ. ತಂಡದ ಫೋಟೊದಲ್ಲಿ ತವರಿನ ಅಡ್ಡಹೆಸರು, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯದು. ಊರೂ ಬೇರೆ. ಕಬಡ್ಡಿಯಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದ ಹುಡುಗಿ ಹತ್ತು ವರ್ಷಕ್ಕೆ ತನ್ನ ದಾಖಲೆಗೇ ಅಪರಿಚಿತಳು. ಗಂಡಸರಾದರೆ ಊರ ಕಟ್ಟೆಯ ಮೇಲೆ ಕೂತು ತಮ್ಮ ರೇಡು ತಾವೇ ಹೇಳಿಕೊಂಡು ಉಳಿಸಿಕೊಳ್ಳುತ್ತಾರೆ. ಅವಳು ಯಾವ ಕಟ್ಟೆಯ ಮೇಲೆ ಕೂರಬೇಕು?

ಇದಕ್ಕೆ ಮ್ಯೂಸಿಯಂ ಬೇಡ, ಅನುದಾನವೂ ಬೇಡ. ಅಥಣಿಯಲ್ಲೋ ರಾಯಬಾಗದಲ್ಲೋ ಕಾಗವಾಡದಲ್ಲೋ ನೀವು ಕಾಲೇಜಿಗೆ ಆಡಿದವರಾಗಿದ್ದರೆ, ಟ್ರಂಕಿನ ತಳದ ತಂಡದ ಫೋಟೊ ತೆಗೆಯಿರಿ. ಟ್ರಂಕಿನಲ್ಲಿಟ್ಟದ್ದು ಉಳಿದೇ ಉಳಿಯುತ್ತದೆಂಬ ಭರವಸೆ ಇಲ್ಲ; 2019ರ ಮಹಾಪೂರದಲ್ಲಿ ಎಷ್ಟು ಮನೆಗಳಿಗೆ ನೀರು ಹೊಕ್ಕಿತೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಎಲ್ಲರ ಹೆಸರು ಬರೆಯಿರಿ: ಬೆಂಚಿನ ಮೇಲೆ ಕೂತು ಬಂದವನದು, ಬಸ್ ಚಾರ್ಜು ಕೈಯಿಂದ ಹಾಕಿದ ಪಿ.ಟಿ. ಮಾಸ್ತರರದು, ಗ್ರೌಂಡಿಗೆ ಸುಣ್ಣ ಎಳೆದ ಸಿಪಾಯಿಯದೂ. ನಿಮ್ಮ ಡಿಗ್ರಿ ಧಾರವಾಡದ್ದೋ ಬೆಳಗಾವಿಯದೋ ಕೊಲ್ಲಾಪುರದ್ದೋ ಎಂದು ಯೋಚಿಸಬೇಡಿ. ಒಂದು ಪ್ರತಿ ತೆಗೆಸಿ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ, ಅಲ್ಲಿಯ ರಜಿಸ್ಟರಿನಲ್ಲಿ ನಂಬರು ಹಾಕಿಸಿ. ಹೆಣ್ಣುಮಕ್ಕಳ ತಂಡವಾಗಿದ್ದರೆ ಪ್ರತಿಯೊಬ್ಬಳ ಎರಡೂ ಹೆಸರು ಬರೆಯಿರಿ, ತವರಿನದನ್ನು ಮೊದಲು.